‘ಬ್ರದರ್ಸ್ ಇನ್ ಆರ್ಮ್ಸ್’ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು?

1987ರ ದಸರಾ ರಜೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣ ಹಾಸನಕ್ಕೆ ಬಂದಾಗ ಚೀಲದಲ್ಲಿ ಅರವತ್ತು ನಿಮಿಷದ ಒಂದು ಕ್ಯಾಸೆಟ್ ಇತ್ತು. ಗೆಳೆಯನ ಮನೆಯ ಎಲ್‌ಪಿಯಿಂದ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯಿಂದ, ರೆಕಾರ್ಡ್ ಮಾಡಿಸಿಕೊಂಡಿದ್ದು. ಮೇಲೆ ನೀಲಿ ಪೆನ್ನಿನಲ್ಲಿ ‘ಡೈರ್ ಸ್ಟ್ರೇಟ್ಸ್’ ಅಂತ ಬ್ರಿಟನ್ನಿನ ರಾಕ್ ತಂಡದ ಹೆಸರು ಬರೆದಿತ್ತು, ಅಷ್ಟೆ. ಹಾಡುಗಳ ಹೆಸರೂ ಇರಲಿಲ್ಲ. ಮೊದಲ ಬದಿಯ ಕೊನೆಯಲ್ಲಿ ಒಂದು ಮೆಲುದನಿಯ ಹಾಡು. ಅದು ಮುಗಿದ ಮೇಲೆ ಐದು ನಿಮಿಷದಷ್ಟು ಖಾಲಿ ಟೇಪು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಆ ಖಾಲಿ ಟೇಪನ್ನೂ ಓಡಲು ಬಿಡುತ್ತಿದ್ದೆ. ಆ ಹಾಡು ಆದ ತಕ್ಷಣ ಬೇರೆ ಏನನ್ನೂ ಕೇಳಲು ಮನಸ್ಸಾಗುತ್ತಿರಲಿಲ್ಲ.

ಹದಿನೈದು ವರ್ಷ ಆದ ಮೇಲೆ ಅದೇ ಆಲ್ಬಮ್ಮಿನ, ಅಂದರೆ ‘ಬ್ರದರ್ಸ್ ಇನ್ ಆರ್ಮ್ಸ್’ನ, ಸಿಡಿ ಕೊಂಡೆ. ಅದೇ ಹಾಡು ಬಂತು. ಹೆಸರು ‘ವೈ ವರಿ’. ಆದರೆ ನನಗೆ ಗೊತ್ತಿದ್ದ ಜಾಗದಲ್ಲಿ ಅದು ಮುಗಿಯಲೇ ಇಲ್ಲ. ದನಿ ನಿಂತ ಮೇಲೂ ಗಿಟಾರು, ಕೀಬೋರ್ಡು ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತಾ ಸಾಗಿದವು. ಇಷ್ಟು ವರ್ಷ ನಾನು ಅರ್ಧ ಹಾಡನ್ನು ಪ್ರೀತಿಸಿದ್ದೆ ಅನ್ನಿಸಿತು.

ಈ ಆಲ್ಬಮ್ ಕೊಳ್ಳಲು ಹೊರಟವರಿಗೆ ಮೊದಲು ಹೇಳಬೇಕಾದ ಮಾತು ಇದೇ. ಮುಖಪುಟದಲ್ಲಿ ಅದೇ ಆಕಾಶ, ಅದೇ ಹೊಳೆಯುವ ಲೋಹದ ನ್ಯಾಷನಲ್ ಗಿಟಾರ್ ಇರುತ್ತದೆ. ಒಳಗಿರುವುದು ಎಲ್ಲದರಲ್ಲೂ ಒಂದೇ ಅಲ್ಲ. ನಲವತ್ತು ವರ್ಷದಲ್ಲಿ ಇದು ಹತ್ತಾರು ರೂಪದಲ್ಲಿ ಬಂದಿದೆ. ಕೆಲವು ಚಿಕ್ಕವು, ಕೆಲವು ಪೂರ್ತಿ. ಕೆಲವು ಮೆಲ್ಲಗೆ ಉಸಿರಾಡುತ್ತವೆ, ಕೆಲವು ಮೊದಲ ಸೆಕೆಂಡಿನಿಂದಲೇ ಜೋರು.

ಮೊದಲು ಒಂದು ಅಳತೆ: 8:31

ಯಾವ ಪ್ರತಿ ಕೈಗೆ ಬಂದರೂ ‘ವೈ ವರಿ’ ಎಷ್ಟು ಹೊತ್ತು ಇದೆ ನೋಡಿ. 8 ನಿಮಿಷ 31 ಸೆಕೆಂಡ್ ಇದ್ದರೆ ಅದು ಪೂರ್ತಿ ಆಲ್ಬಮ್. 5:22 ಇದ್ದರೆ ಅದು 1985ರ ಎಲ್‌ಪಿಗಾಗಿ ಕತ್ತರಿಸಿದ ರೂಪ.

ಕತ್ತರಿಸಿದ್ದು ಅದೊಂದನ್ನೇ ಅಲ್ಲ. ‘ಸೋ ಫಾರ್ ಅವೇ’ ಸಿಡಿಯಲ್ಲಿ 5:12, ಹಳೆಯ ಎಲ್‌ಪಿಯಲ್ಲಿ 3:59. ‘ಮನಿ ಫಾರ್ ನಥಿಂಗ್’ 8:26 ಇದ್ದದ್ದು 7:04 ಆಯಿತು. ‘ಯುವರ್ ಲೇಟೆಸ್ಟ್ ಟ್ರಿಕ್’ 6:33ರಿಂದ 4:46ಕ್ಕೆ ಇಳಿಯಿತು. ‘ವಾಕ್ ಆಫ್ ಲೈಫ್’ನಲ್ಲಿ ಹೋದದ್ದು ಬರೀ ಐದು ಸೆಕೆಂಡ್. ಎರಡನೇ ಬದಿಯ ನಾಲ್ಕು ಹಾಡುಗಳಿಗೆ ಕತ್ತರಿ ಬೀಳಲಿಲ್ಲ. ಒಟ್ಟು ಲೆಕ್ಕದಲ್ಲಿ ಸಿಡಿ ಸುಮಾರು 55 ನಿಮಿಷ, ಎಲ್‌ಪಿ ಸುಮಾರು 47.

ಹೀಗೆ ಮಾಡಿದ್ದಕ್ಕೆ ಕಾರಣ ಇದೆ. ಎಲ್‌ಪಿಯ ಒಂದು ಬದಿಯಲ್ಲಿ ಹೊತ್ತು ಜಾಸ್ತಿ ಆದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಆಗ ದನಿ ತಗ್ಗುತ್ತದೆ, ಬಾಸ್ ಸೊರಗುತ್ತದೆ. ಮೊದಲ ಐದು ಹಾಡುಗಳ ಪೂರ್ತಿ ರೂಪ ಸೇರಿದರೆ ಹತ್ತಿರ ಹತ್ತಿರ 33 ನಿಮಿಷ. ಒಂದು ಬದಿಗೆ ಅದು ಹಿಡಿಸುವುದಿಲ್ಲ. ಹಾಗಾಗಿ ಅದನ್ನು 25 ನಿಮಿಷಕ್ಕೆ ಇಳಿಸಿದರು. ಎರಡು ತಟ್ಟೆ ಮಾಡಬಹುದಿತ್ತು, ಆಗ ಮಾಡಲಿಲ್ಲ.

ನನ್ನ ಮಟ್ಟಿಗೆ ಈ ಆಲ್ಬಮ್ ಇಷ್ಟು ವರ್ಷ ಉಳಿದದ್ದು ಅದರ ನಿಧಾನದಿಂದ. ಎಂಬತ್ತರ ದಶಕದ ಮಧ್ಯದಲ್ಲಿ ರಾಕ್ ಸಂಗೀತ ಜೋರಾಗಿತ್ತು, ಅವಸರದಲ್ಲಿತ್ತು. ಡ್ರಮ್ಮಿನ ಹೊಡೆತ ದೊಡ್ಡದು, ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡು) ಎಲ್ಲ ಕಡೆ. ಇಲ್ಲೂ ಸಿಂಥ್ ಇದೆ, ದೊಡ್ಡ ಡ್ರಮ್ಮೂ ಇದೆ. ಆದರೆ ತಂಡದ ಹಾಡುಗಾರ, ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಒಂದು ಸಾಲು ಹಾಡಿ ಸುಮ್ಮನಾಗುತ್ತಾರೆ. ಆ ಖಾಲಿಯಲ್ಲಿ ಗಿಟಾರು ಎರಡೇ ಸ್ವರ ನುಡಿಯುತ್ತದೆ. ಮತ್ತೆ ಮೌನ. ಆ ಮೌನ ಉಳಿಸಿಕೊಂಡ ಪ್ರತಿಯೇ ಒಳ್ಳೆಯ ಪ್ರತಿ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಒಂದು ಕಿವಿಯಿಂದಲೇ ಮಾಡಿದ್ದೇನೆ. ಪಾರ್ಟಿಯಲ್ಲಿ ‘ಮನಿ ಫಾರ್ ನಥಿಂಗ್’ ಜೋರಾಗಿ ಹಾಕುವುದಷ್ಟೇ ನಿಮ್ಮ ಆಸೆಯಾದರೆ ಯಾವುದನ್ನು ಕೊಂಡರೂ ನಡೆಯುತ್ತದೆ.

ಇದು ಹುಟ್ಟಿದ್ದೇ ಡಿಜಿಟಲ್ ಆಗಿ

‘ಹಳೆಯ ಆಲ್ಬಮ್ ಅಂದರೆ ಎಲ್‌ಪಿಯಲ್ಲೇ ಕೇಳಬೇಕು, ಅದೇ ಅಸಲಿ ಸದ್ದು’ ಅಂತ ತುಂಬಾ ಜನ ಹೇಳುತ್ತಾರೆ. ಬೇರೆ ಎಷ್ಟೋ ಆಲ್ಬಮ್‌ಗಳಿಗೆ ಆ ಮಾತು ಸರಿ. ಇದಕ್ಕೆ ಸರಿಹೊಂದುವುದಿಲ್ಲ.

‘ಬ್ರದರ್ಸ್ ಇನ್ ಆರ್ಮ್ಸ್’ ರೆಕಾರ್ಡಿಂಗ್ ಶುರುವಾದದ್ದು 1984ರ ಕೊನೆಯಲ್ಲಿ, ಕೆರೀಬಿಯನ್ ಸಮುದ್ರದ ಪುಟ್ಟ ದ್ವೀಪ ಮಾಂಟ್‌ಸೆರಾಟ್‌ನಲ್ಲಿ. ಬೀಟಲ್ಸ್ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ 1979ರಲ್ಲಿ ಅಲ್ಲಿ ಏರ್ ಸ್ಟುಡಿಯೋ ತೆರೆದಿದ್ದರು. ಮುಂದೆ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಕೆಲಸ ಮುಂದುವರಿಯಿತು. ನಾಫ್ಲರ್ ಜೊತೆ ನಿರ್ಮಾಣ ನೋಡಿಕೊಂಡವರು ನೀಲ್ ಡಾರ್ಫ್ಸ್‌ಮನ್. ಅವರು ಬಳಸಿದ್ದು ಸೋನಿ ಕಂಪನಿಯ 24 ಟ್ರ್ಯಾಕಿನ ಡಿಜಿಟಲ್ ಟೇಪ್ ಯಂತ್ರ. ಆ ಕಾಲಕ್ಕೆ ಅದು ಹೊಸತು. ಹಳೆಯ ಸಿಡಿಯ ಮೇಲೆ ‘ಡಿಡಿಡಿ’ ಅಂತ ಮೂರು ಅಕ್ಷರ ಇರುತ್ತವೆ. ರೆಕಾರ್ಡಿಂಗ್, ಮಿಕ್ಸಿಂಗ್ (ಬೇರೆ ಬೇರೆ ಸದ್ದುಗಳನ್ನು ಬೆರೆಸುವುದು), ಮಾಸ್ಟರಿಂಗ್ (ತಟ್ಟೆಗಾಗಿ ಸದ್ದಿಗೆ ಕೊನೆಯ ಹದ ಕೊಡುವುದು) ಮೂರೂ ಡಿಜಿಟಲ್ ಅಂತ ಅದರ ಅರ್ಥ.

ಸಿಡಿ ಆಗ ಇನ್ನೂ ಮಾರುಕಟ್ಟೆಗೆ ಹೊಸಬ. 1985ರ ಮೇ ತಿಂಗಳಲ್ಲಿ ಈ ಆಲ್ಬಮ್ ಬಂತು. ಹತ್ತು ಲಕ್ಷ ಸಿಡಿ ಮಾರಾಟವಾದ ಮೊದಲ ಆಲ್ಬಮ್ ಅನ್ನುವ ಹೆಸರು ಇದಕ್ಕೇ ಸಿಕ್ಕಿತು. ಸಿಡಿಯನ್ನು ರೂಪಿಸಿದ ಕಂಪನಿಗಳಲ್ಲಿ ಒಂದಾದ ಫಿಲಿಪ್ಸ್ ಈ ತಂಡದ ವಿಶ್ವ ಪ್ರವಾಸಕ್ಕೆ ಪ್ರಾಯೋಜಕ ಆಗಿತ್ತು. ಹೊಸ ಸಿಡಿ ಪ್ಲೇಯರ್ ಕೊಂಡವರು ಮೊದಲು ಕೊಳ್ಳುತ್ತಿದ್ದ ತಟ್ಟೆ ಇದು. ಹಾಗಾಗಿ ಇದರ ಸಹಜ ಮನೆ ಸಿಡಿ. ಎಲ್‌ಪಿಯಲ್ಲಿ ಕೇಳುವುದು ತಪ್ಪಲ್ಲ. ಆದರೆ ಎಲ್‌ಪಿಯಲ್ಲಿ ಇದ್ದು ಸಿಡಿಯಲ್ಲಿ ಇಲ್ಲದ ಯಾವ ಗುಟ್ಟೂ ಈ ಆಲ್ಬಮ್ಮಿನಲ್ಲಿ ಇಲ್ಲ.

1985ರ ಎಲ್‌ಪಿ

ಹಾಗಾದರೆ ಹಳೆಯ ಎಲ್‌ಪಿ ಬೇಡವಾ? ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಾನು ಬೆಳೆದದ್ದು ಅದೇ ರೂಪದಲ್ಲಿ. ಚಿಕ್ಕದಾದ ‘ಸೋ ಫಾರ್ ಅವೇ’ ಕೇಳಲು ಹಿತವಾಗಿಯೇ ಇದೆ. ದೊಡ್ಡ ಮುಖಪುಟದ ನೀಲಿಯನ್ನು ಕೈಯಲ್ಲಿ ಹಿಡಿದು ನೋಡುವ ಸುಖ ಸಿಡಿ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಆದರೆ ಒಂದೇ ಪ್ರತಿ ಕೊಳ್ಳುವುದಾದರೆ ಇದನ್ನು ಕೊಳ್ಳಬೇಡಿ. ಎರಡನೆಯದಾಗಿ ಕೊಳ್ಳಿ.

ಕೊಳ್ಳುವಾಗ ಎರಡು ವಿಷಯ ನೆನಪಿರಲಿ. ಒಂದು, ಇದು ಅಪರೂಪದ ರೆಕಾರ್ಡ್ ಅಲ್ಲವೇ ಅಲ್ಲ. ಜಗತ್ತಿನಲ್ಲಿ ಮೂರು ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾದ ಆಲ್ಬಮ್ ಇದು. ‘ರೇರ್ ಪೀಸ್ ಸಾರ್’ ಅಂತ ಯಾರಾದರೂ ದುಡ್ಡು ಏರಿಸಿದರೆ ಸುಮ್ನೆ ಮುಂದಿನ ಅಂಗಡಿಗೆ ಹೋಗಿ.

ಎರಡನೆಯದು ಇನ್ನೂ ಮುಖ್ಯ. ಎಲ್‌ಪಿಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಗೆರೆ ಬೇಗ ಓಡುತ್ತದೆ. ನಡುವಿನ ಕಾಗದದ ಹತ್ತಿರ ಬಂದಂತೆ ಅದೇ ಒಂದು ಸುತ್ತಿಗೆ ಸಿಗುವ ಗೆರೆ ಚಿಕ್ಕದಾಗುತ್ತದೆ. ಸದ್ದು ಒಡೆಯುವ ಅಪಾಯ ಅಲ್ಲೇ ಜಾಸ್ತಿ. ಈ ಎಲ್‌ಪಿಯಲ್ಲಿ ಮೊದಲ ಬದಿಯ ಕೊನೆಗೆ ಇರುವುದು ‘ವೈ ವರಿ’. ಎರಡನೇ ಬದಿಯ ಕೊನೆಗೆ ಇರುವುದು ‘ಬ್ರದರ್ಸ್ ಇನ್ ಆರ್ಮ್ಸ್’ ಹಾಡು. ಆಲ್ಬಮ್ಮಿನ ಅತಿ ಮೆಲ್ಲಗಿನ ಎರಡು ಹಾಡುಗಳೂ ತಟ್ಟೆಯ ಅತಿ ಕಷ್ಟದ ಜಾಗದಲ್ಲಿವೆ! ಧೂಳಿನ ಚಟಚಟ ಕೇಳುವುದೂ ಅಲ್ಲೇ. ಅಂಗಡಿಯವರು ಹಾಕಿ ತೋರಿಸುವುದಾದರೆ ‘ವಾಕ್ ಆಫ್ ಲೈಫ್’ ಹಾಕಿಸಬೇಡಿ. ಸೂಜಿಯನ್ನು ಈ ಎರಡು ಹಾಡುಗಳ ಮೇಲೆ ಇಡಿಸಿ. ಅವು ಸ್ವಚ್ಛವಾಗಿ ಕೇಳಿದರೆ ಉಳಿದದ್ದೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಅಮೆರಿಕದ ವಾರ್ನರ್ ಕಂಪನಿಯ ಪ್ರತಿ ಸಿಕ್ಕರೆ ಕೊನೆಯ ಗೆರೆ ಮತ್ತು ಕಾಗದದ ನಡುವಿನ ನುಣುಪು ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ‘ಮಾಸ್ಟರ್‌ಡಿಸ್ಕ್’ ಅನ್ನುವ ಮುದ್ರೆ, ಪಕ್ಕದಲ್ಲಿ ‘ಆರ್‌ಎಲ್’ ಅಂತ ಗೀಚಿದ್ದು ಇದ್ದರೆ ಅದು ಮಾಸ್ಟರಿಂಗ್ ಎಂಜಿನಿಯರ್ ಬಾಬ್ ಲಡ್ವಿಗ್ ಅವರ ಕೈಯ ಕೆಲಸ. ಒಳ್ಳೆಯ ಪ್ರತಿ. ಆದರೆ ಅದೂ ಚಿಕ್ಕ ರೂಪವೇ.

ಸಿಡಿ: ಹಳೆಯದೋ, ರೀಮಾಸ್ಟರೋ

ಹೆಚ್ಚಿನವರ ಆಯ್ಕೆ ನಿಲ್ಲುವುದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಸಿಡಿಯ ನಂಬರ್ 824 499-2, ವರ್ಟಿಗೋ ಲೇಬಲ್. ಹಳೆಯ ಪ್ರತಿಗಳ ಮೇಲೆ ‘ಮೇಡ್ ಇನ್ ವೆಸ್ಟ್ ಜರ್ಮನಿ’ ಅಂತ ಇರುತ್ತದೆ. ಪೆಟ್ಟಿಗೆಯ ಬೆನ್ನಿನ ಮೇಲೂ ತಟ್ಟೆಯ ಮೇಲೂ ಈ ನಂಬರ್ ನೋಡಬಹುದು. 1996ರಲ್ಲಿ ತಂಡದ ಆಲ್ಬಮ್‌ಗಳೆಲ್ಲ ರೀಮಾಸ್ಟರ್ ಆಗಿ, ಅಂದರೆ ಸದ್ದಿಗೆ ಹೊಸದಾಗಿ ಹದ ಕೊಡಿಸಿಕೊಂಡು, ಮತ್ತೆ ಬಂದವು. ಆ ಕೆಲಸವನ್ನೂ ಬಾಬ್ ಲಡ್ವಿಗ್ ಅವರೇ ಮಾಡಿದರು. ಆಮೇಲೆ ಅಂಗಡಿಗಳಲ್ಲಿ ಸಿಗುತ್ತಿದ್ದ ಸಾಮಾನ್ಯ ಸಿಡಿ ಹೆಚ್ಚಾಗಿ ಈ ರೀಮಾಸ್ಟರೇ.

ಎರಡರಲ್ಲೂ ಹಾಡುಗಳು ಪೂರ್ತಿ ಇವೆ. ವ್ಯತ್ಯಾಸ ಇರುವುದು ಜೋರಿನಲ್ಲಿ. ಹಳೆಯ ಸಿಡಿ ಮೆಲ್ಲಗೆ ನುಡಿಯುತ್ತದೆ. ವಾಲ್ಯೂಮ್ ಸ್ವಲ್ಪ ಏರಿಸಬೇಕು. ಏರಿಸಿದ ಮೇಲೆ ಮೆಲ್ಲಗಿನದು ಮೆಲ್ಲಗೇ ಇರುತ್ತದೆ, ಜೋರಾದದ್ದು ಎದ್ದು ಬರುತ್ತದೆ. ರೀಮಾಸ್ಟರ್ ಮೊದಲಿಂದಲೇ ಒಂದು ಮೆಟ್ಟಿಲು ಜೋರು. ಬಾಸ್ ತುಸು ದಪ್ಪ.

ಇದನ್ನು ಪರೀಕ್ಷಿಸಲು ಎಲ್ಲರೂ ‘ಮನಿ ಫಾರ್ ನಥಿಂಗ್’ ಹಾಕುತ್ತಾರೆ. ಹಾಕಬೇಕಾದ್ದೇ. ಅದರ ಶುರು ನೋಡಿ. ದೂರದಿಂದ ಸಿಂಥ್ ತೇಲಿ ಬರುತ್ತದೆ. ಅದರ ಮೇಲೆ ಗಾಯಕ ಸ್ಟಿಂಗ್ ಅವರ ದನಿ. ಆಗ ರಜೆಗೆ ಅದೇ ದ್ವೀಪಕ್ಕೆ ಬಂದಿದ್ದ ಅವರು ಸ್ಟುಡಿಯೋಗೆ ಬಂದು ಹಾಡಿದರು. ಆಮೇಲೆ ಡ್ರಮ್ಮುಗಳು ರಾಶಿ ಬೀಳುತ್ತವೆ. ಆ ಡ್ರಮ್ ನುಡಿಸಿದವರು ಟೆರಿ ವಿಲಿಯಮ್ಸ್. ಆಲ್ಬಮ್ಮಿನ ಉಳಿದ ಡ್ರಮ್ ಕೆಲಸ ಬಹುತೇಕ ಒಮರ್ ಹಕೀಮ್ ಅವರದು. ಡ್ರಮ್ ನಿಂತ ಕ್ಷಣ ಗಿಟಾರು ಒಂಟಿಯಾಗಿ ಬರುತ್ತದೆ, ಗೊಗ್ಗರು ದನಿಯಲ್ಲಿ. ಆ ದನಿ ಸಿಕ್ಕಿದ್ದು ಆಕಸ್ಮಿಕವಾಗಿ ಅಂತ ಡಾರ್ಫ್ಸ್‌ಮನ್ ಹೇಳಿದ್ದಾರೆ. ಮೈಕುಗಳನ್ನು ಇನ್ನೂ ಸರಿಯಾಗಿ ಇಟ್ಟಿರಲಿಲ್ಲ, ಒಂದು ಮೈಕ್ ನೆಲದ ಕಡೆ ಮುಖ ಮಾಡಿತ್ತು. ಅದನ್ನು ಹಾಗೇ ಬಿಟ್ಟು ರೆಕಾರ್ಡ್ ಮಾಡಿದರು. ಹಳೆಯ ಸಿಡಿಯಲ್ಲಿ ಆ ಗಿಟಾರು ಬಂದಾಗ ಈಗಲೂ ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿಯುತ್ತೇನೆ. ರೀಮಾಸ್ಟರಿನಲ್ಲಿ ಅದು ಚೆನ್ನಾಗಿದೆ. ಬೆಚ್ಚಿಬೀಳುವುದು ಕಡಿಮೆ.

ಆದರೆ ನನ್ನ ಪ್ರಕಾರ ನಿಜವಾದ ಪರೀಕ್ಷೆ ‘ದ ಮ್ಯಾನ್ಸ್ ಟೂ ಸ್ಟ್ರಾಂಗ್’. ಕಡಿಮೆ ಜನ ಅದರ ಬಗ್ಗೆ ಮಾತಾಡುತ್ತಾರೆ. ಒಬ್ಬ ಮನುಷ್ಯ ತಂತಿ ಮೀಟುತ್ತಾ ಕಿವಿಯ ಹತ್ತಿರ ಕೂತು ತಪ್ಪೊಪ್ಪಿಕೊಳ್ಳುವ ಹಾಗೆ ಹಾಡುತ್ತಾನೆ. ನಡುವೆ ಒಮ್ಮೆಲೆ ಇಡೀ ತಂಡ ದಪ್ಪನೆ ಬೀಳುತ್ತದೆ. ಬಾಗಿಲು ಒದ್ದು ತೆರೆದ ಹಾಗೆ. ಮತ್ತೆ ಮೆಲ್ಲಗೆ. ಆ ಬಾಗಿಲು ಎಷ್ಟು ಗಟ್ಟಿಯಾಗಿ ಬಡಿಯುತ್ತದೆ ಅನ್ನುವುದರ ಮೇಲೆ ಹಾಡಿನ ಅರ್ಥವೇ ನಿಂತಿದೆ. ಇಲ್ಲಿ ಹಳೆಯ ಸಿಡಿ ಗೆಲ್ಲುತ್ತದೆ, ನನಗೆ ಅನುಮಾನವೇ ಇಲ್ಲ.

ಮನೆಯಲ್ಲಿ ನೀವೇ ಹೋಲಿಸಿ ನೋಡುವುದಾದರೆ ಒಂದು ಎಚ್ಚರಿಕೆ. ಎರಡನ್ನೂ ಒಂದೇ ವಾಲ್ಯೂಮ್ ಗುರುತಿನಲ್ಲಿ ಇಟ್ಟು ಕೇಳಬೇಡಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತದೆ, ಎಲ್ಲರ ಕಿವಿಯೂ ಹಾಗೇ. ಜೋರಾದದ್ದನ್ನು ತಗ್ಗಿಸಿ, ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬಂದ ಮೇಲೆ ಹೋಲಿಸಿ.

ರೀಮಾಸ್ಟರ್ ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. ಕಾರಿನಲ್ಲಿ ಕೇಳುವವರಿಗೆ, ಸುತ್ತ ಸದ್ದಿರುವ ಕಡೆ ಕೇಳುವವರಿಗೆ ಅದೇ ವಾಸಿ. ಹಳೆಯ ಸಿಡಿಯ ಮೆಲ್ಲಗಿನ ಭಾಗ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕೇಳಿಸುವುದೇ ಇಲ್ಲ.

ಹಳೆಯ ಸಿಡಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಲ್ಲರೂ ಹೊಳೆಯುವ ಬದಿಯ ಗೀರು ನೋಡುತ್ತಾರೆ. ಹೆಸರು ಅಚ್ಚಾಗಿರುವ ಬದಿಯನ್ನೂ ನೋಡಿ. ಹೊಳೆಯುವ ಅಲ್ಯೂಮಿನಿಯಂ ಪದರ ಇರುವುದು ಆ ಬದಿಯ ತೆಳ್ಳಗಿನ ಬಣ್ಣದ ಕೆಳಗೇ. ಅಲ್ಲಿ ಆಳದ ಗೀರು ಬಿದ್ದರೆ ಸರಿಮಾಡಲು ಆಗುವುದಿಲ್ಲ. ತಟ್ಟೆಯನ್ನು ಬಲ್ಬಿಗೆ ಅಡ್ಡ ಹಿಡಿದು ನೋಡಿ. ಬೆಳಕಿನ ಚುಕ್ಕಿ ತೂರಿ ಬಂದರೆ ಬೇಡ. ನಾನು ಒಮ್ಮೆ ಇದನ್ನು ನೋಡದೆ ಕೊಂಡು ಬಂದೆ. ‘ರೈಡ್ ಅಕ್ರಾಸ್ ದ ರಿವರ್’ ಅರ್ಧಕ್ಕೆ ತೊದಲಲು ಶುರುಮಾಡಿತು.

ಸುತ್ತ ಐದು ಸ್ಪೀಕರ್ ಇದ್ದವರಿಗೆ

2005ರಲ್ಲಿ ಆಲ್ಬಮ್ಮಿಗೆ ಇಪ್ಪತ್ತು ತುಂಬಿದಾಗ ಸೌಂಡ್ ಎಂಜಿನಿಯರ್ ಚಕ್ ಐನ್ಲೇ ಅವರು ಮೂಲ ಟ್ರ್ಯಾಕುಗಳಿಂದ ಹೊಸದಾಗಿ 5.1 ಸರೌಂಡ್ (ಸುತ್ತ ಐದು ಸ್ಪೀಕರ್, ಬಾಸ್‌ಗೆ ಇನ್ನೊಂದು) ಮಿಕ್ಸ್ ಮಾಡಿದರು. ಅದಕ್ಕೆ ಮುಂದಿನ ವರ್ಷ ಅತ್ಯುತ್ತಮ ಸರೌಂಡ್ ಆಲ್ಬಮ್ ಅಂತ ಗ್ರ್ಯಾಮಿ ಬಂತು. ಮೊದಲ ಸಲ 1986ರಲ್ಲೂ ಈ ಆಲ್ಬಮ್ಮಿನ ರೆಕಾರ್ಡಿಂಗಿಗೆ ಗ್ರ್ಯಾಮಿ ಸಿಕ್ಕಿತ್ತು. ಒಂದೇ ಆಲ್ಬಮ್ಮಿನ ಸದ್ದಿಗೆ ಇಪ್ಪತ್ತು ವರ್ಷದ ಅಂತರದಲ್ಲಿ ಎರಡು ಸಲ ಬಹುಮಾನ ಅಂದರೆ ಸಣ್ಣ ಮಾತಲ್ಲ.

ಈ ಸರೌಂಡ್ ರೂಪ ಎರಡು ಬಗೆಯ ತಟ್ಟೆಯಲ್ಲಿ ಬಂತು. ಒಂದು ಎಸ್‌ಎಸಿಡಿ, ಅಂದರೆ ಸಿಡಿ ಪದರದ ಜೊತೆ ಸರೌಂಡ್ ಪದರವೂ ಇರುವ ತಟ್ಟೆ. ಇನ್ನೊಂದು ಡ್ಯುಯಲ್‌ಡಿಸ್ಕ್, ಅಂದರೆ ಒಂದು ಬದಿ ಸಿಡಿ, ಇನ್ನೊಂದು ಬದಿ ಡಿವಿಡಿ. ಕೊಳ್ಳುವ ಮೊದಲು ನಿಮ್ಮ ಯಂತ್ರ ಯಾವುದನ್ನು ಓದುತ್ತದೆ ನೋಡಿಕೊಳ್ಳಿ. ಎಸ್‌ಎಸಿಡಿಯನ್ನು ಮಾಮೂಲಿ ಸಿಡಿ ಪ್ಲೇಯರಿಗೆ ಹಾಕಿದರೆ ಅದರ ಸಿಡಿ ಪದರ ಮಾತ್ರ ಕೇಳುತ್ತದೆ, ಸರೌಂಡ್ ಬರುವುದಿಲ್ಲ. ಆ ಸಿಡಿ ಪದರ ಮೊದಲ ಸಿಡಿಗಿಂತ ಜೋರು. ಅದಕ್ಕೋಸ್ಕರ ಇದನ್ನು ಕೊಳ್ಳುವುದರಲ್ಲಿ ಅರ್ಥ ಇಲ್ಲ. ಡ್ಯುಯಲ್‌ಡಿಸ್ಕ್ ಮಾಮೂಲಿ ಸಿಡಿಗಿಂತ ತುಸು ದಪ್ಪ. ತಟ್ಟೆಯನ್ನು ಬಾಯಿಯಿಂದ ಒಳಗೆಳೆದುಕೊಳ್ಳುವ ಕಾರ್ ಪ್ಲೇಯರಿಗೆ ಅದನ್ನು ಹಾಕಬೇಡಿ.

ಆದರೆ ಸರಿಯಾದ ಯಂತ್ರ, ಐದು ಸ್ಪೀಕರ್ ಇದ್ದರೆ ದಯವಿಟ್ಟು ಇದನ್ನು ಹುಡುಕಿ. ‘ರೈಡ್ ಅಕ್ರಾಸ್ ದ ರಿವರ್’ನಲ್ಲಿ ರಾತ್ರಿಯ ಕೀಟಗಳ ಹಾಗಿನ ಸದ್ದು, ಕೊಳಲಿನ ಹಾಗಿನ ಸಿಂಥ್, ದೂರದ ತುತ್ತೂರಿ ಎಲ್ಲ ಇವೆ. ಎರಡು ಸ್ಪೀಕರಿನಲ್ಲಿ ಅದೊಂದು ಚಿತ್ರ. ಐದರಲ್ಲಿ ಕೇಳಿದಾಗ ಮಲೆನಾಡಿನ ಯಾವುದೋ ಹೊಳೆಯ ದಡದಲ್ಲಿ ಕತ್ತಲಲ್ಲಿ ನಿಂತ ಹಾಗೆ ನನಗೆ ಅನ್ನಿಸಿತ್ತು.

ಹೊಸ ಡಬಲ್ ಎಲ್‌ಪಿಗಳು

ಟರ್ನ್‌ಟೇಬಲ್ ಇದ್ದು, ಎಲ್‌ಪಿಯೇ ಬೇಕು ಅನ್ನುವವರಿಗೆ ಈಗ ದಾರಿ ಸುಲಭ. 1985ರಲ್ಲಿ ಮಾಡದ ಎರಡು ತಟ್ಟೆಯ ಕೆಲಸವನ್ನು ಈ ಶತಮಾನದಲ್ಲಿ ಮಾಡಿದ್ದಾರೆ. ನಾಲ್ಕು ಬದಿ, ಒಂಬತ್ತು ಪೂರ್ತಿ ಹಾಡು. ಗೆರೆಗಳಿಗೆ ಜಾಗ ಧಾರಾಳ.

ಇದರಲ್ಲೂ ಬಗೆ ಇದೆ. 33 ವೇಗದ (ನಿಮಿಷಕ್ಕೆ ಸುಮಾರು 33 ಸುತ್ತು ತಿರುಗುವ) ಮಾಮೂಲಿ ಡಬಲ್ ಎಲ್‌ಪಿ ಒಂದು. ಮೊಬೈಲ್ ಫಿಡೆಲಿಟಿ ಕಂಪನಿ ತಂದ 45 ವೇಗದ್ದು ಇನ್ನೊಂದು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮೈಲ್ಸ್ ಶೋವೆಲ್ ಅವರು ಅರ್ಧ ವೇಗದಲ್ಲಿ ಕೊರೆದದ್ದು ಮತ್ತೊಂದು. ಅದೂ 45 ವೇಗದ್ದು, 2021ರಲ್ಲಿ ಬಂತು. ಅರ್ಧ ವೇಗ ಅಂದರೆ, ತಟ್ಟೆ ಕೊರೆಯುವಾಗ ಸಂಗೀತವನ್ನೂ ಯಂತ್ರವನ್ನೂ ಅರ್ಧ ವೇಗಕ್ಕೆ ಇಳಿಸುತ್ತಾರೆ. ಕೊರೆಯುವ ಸೂಜಿಗೆ ಸಣ್ಣ ಸಣ್ಣ ಏರಿಳಿತಗಳನ್ನು ಕೆತ್ತಲು ಎರಡರಷ್ಟು ಹೊತ್ತು ಸಿಗುತ್ತದೆ. ನಾವು ಮನೆಯಲ್ಲಿ ಮಾಮೂಲಿ ವೇಗದಲ್ಲೇ ಕೇಳುತ್ತೇವೆ.

ಈ ಎರಡು 45 ವೇಗದ ತಟ್ಟೆಗಳಲ್ಲಿ ಮೈಲ್ಸ್ ಶೋವೆಲ್ ಅವರದನ್ನು ನಾನು ಗೆಳೆಯನ ಮನೆಯಲ್ಲಿ ಒಂದು ಸಂಜೆ ಪೂರ್ತಿ ಕೇಳಿದ್ದೇನೆ. ಸಿಂಬಲ್ಲಿನ ಸದ್ದು ಇಷ್ಟು ನಯವಾಗಿ ಆರಿಹೋಗುವುದನ್ನು ನಾನು ಬೇರೆ ಪ್ರತಿಯಲ್ಲಿ ಕೇಳಿಲ್ಲ. ‘ಯುವರ್ ಲೇಟೆಸ್ಟ್ ಟ್ರಿಕ್’ನ ಶುರುವಿನ ರಾಂಡಿ ಬ್ರೆಕರ್ ಅವರ ಟ್ರಂಪೆಟ್, ಆಮೇಲೆ ಅವರ ತಮ್ಮ ಮೈಕೆಲ್ ಬ್ರೆಕರ್ ಅವರ ಸ್ಯಾಕ್ಸೋಫೋನ್, ಎರಡೂ ಕೋಣೆಯ ಎರಡು ಜಾಗದಲ್ಲಿ ನಿಂತು ನುಡಿದ ಹಾಗಿತ್ತು. ಅಷ್ಟಿದ್ದರೂ ಎರಡು ಹಾಡಿಗೊಮ್ಮೆ, ಮೂರು ಹಾಡಿಗೊಮ್ಮೆ ಎದ್ದು ತಟ್ಟೆ ತಿರುಗಿಸಬೇಕು. ಈ ಆಲ್ಬಮ್ಮಿನ ಮಟ್ಟಿಗೆ ನನಗೆ ಅದು ಕಷ್ಟವಾಯಿತು. ಇದರ ಮೋಡಿ ಒಂದೇ ಓಟದಲ್ಲಿದೆ. ನಿಮ್ಮ ಟರ್ನ್‌ಟೇಬಲ್, ಸೂಜಿ, ಸ್ಪೀಕರ್ ಎಲ್ಲ ಒಳ್ಳೆಯ ಮಟ್ಟದ್ದಾಗಿದ್ದರೆ 45 ವೇಗದ್ದು ಕೊಳ್ಳಿ. ಪೆಟ್ಟಿಗೆಯಲ್ಲೇ ಸ್ಪೀಕರ್ ಇರುವ ಸಣ್ಣ ಟರ್ನ್‌ಟೇಬಲ್ ಆದರೆ ಆ ವ್ಯತ್ಯಾಸ ಕೇಳುವುದೇ ಇಲ್ಲ. 33 ವೇಗದ್ದು ಸಾಕು, ಉಳಿದ ದುಡ್ಡಿಗೆ ಒಳ್ಳೆಯ ಸೂಜಿ ಹಾಕಿಸಿ.

ಮೊಬೈಲಿನಲ್ಲಿ ಕೇಳುವವರಿಗೆ

ಸ್ಟ್ರೀಮಿಂಗ್‌ನಲ್ಲಿ ಕೇಳುವುದಾದರೆ ಅಲ್ಲೂ 8:31ರ ಅಳತೆ ನೋಡಿ. ಬರೀ ಹಾಡಿನ ಹೆಸರು ಹಾಕಿ ಹುಡುಕಿದರೆ ಹಿಟ್ ಹಾಡುಗಳ ಸಂಕಲನದ ಚಿಕ್ಕ ರೂಪ ಮೇಲೆ ಬರಬಹುದು. ಆಲ್ಬಮ್ ಹೆಸರು ಹಾಕಿ ಹುಡುಕಿ. ಮತ್ತೆ, ಒಂದೊಂದೇ ಹಾಡನ್ನು ಅಲ್ಲಿ ಇಲ್ಲಿ ಆರಿಸಿ ಕೇಳಬೇಡಿ. ಮೊದಲ ಸಲವಾದರೂ ಶುರುವಿನಿಂದ ಕೇಳಿ. ‘ಹೈ-ರೆಸ್’ (ಹೆಚ್ಚು ವಿವರದ ಫೈಲು) ಅನ್ನುವ ಗುರುತಿಗೆ ಜಾಸ್ತಿ ದುಡ್ಡು ಕೊಡುವ ಮುಂಚೆ ಯೋಚಿಸಿ. ಆಗಿನ ಕಾಲದ ಡಿಜಿಟಲ್ ಟೇಪಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಯಾವ ಫೈಲಿನಲ್ಲೂ ಬರುವುದಿಲ್ಲ. ಒಳ್ಳೆಯ ತಂತಿ ಹೆಡ್‌ಫೋನಿಗೆ ಆ ದುಡ್ಡು ಹಾಕಿದರೆ ಹೆಚ್ಚು ಕೇಳಿಸುತ್ತದೆ.

ಕ್ಯಾಸೆಟ್ ಬಗ್ಗೆ ಒಂದೇ ಮಾತು. ಮನೆಯಲ್ಲಿ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ, ಹೊಸದಾಗಿ ಹುಡುಕಬೇಡಿ.

ನಲವತ್ತನೇ ವರ್ಷದ ಪೆಟ್ಟಿಗೆ

2025ರ ಮೇ ತಿಂಗಳಲ್ಲಿ ನಲವತ್ತನೇ ವರ್ಷದ ಆವೃತ್ತಿ ಬಂತು. ಮೂರು ಸಿಡಿಯದ್ದು ಒಂದು, ಐದು ಎಲ್‌ಪಿಯದ್ದು ಒಂದು. ಆಲ್ಬಮ್ಮಿನ ಜೊತೆಗೆ 1985ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ನಡೆದ ಕಚೇರಿ ಪೂರ್ತಿಯಾಗಿ ಇದೆ. ಅಲ್ಲಿಯವರೆಗೆ ಅದು ಹೊರಗೆ ಬಂದಿರಲಿಲ್ಲ.

ಮೊದಲ ಸಲ ಈ ಆಲ್ಬಮ್ ಕೊಳ್ಳುವವರಿಗೆ ಇದು ಬೇಕಾಗಿಲ್ಲ. ಆದರೆ ಹಾಡುಗಳೆಲ್ಲ ಬಾಯಿಪಾಠ ಆದವರು ಬೇರೆ ಏನೂ ಯೋಚಿಸದೆ ಮೂರು ಸಿಡಿಯದ್ದನ್ನು ಕೊಳ್ಳಿ. ಆ ಕಚೇರಿ ನಡೆದ ವಿಶ್ವ ಪ್ರವಾಸ ಏಪ್ರಿಲ್ 1985ರಲ್ಲಿ ಆಗಿನ ಯುಗೊಸ್ಲಾವಿಯಾದ ಸ್ಪ್ಲಿಟ್ ನಗರದಲ್ಲಿ ಶುರುವಾಗಿ ಒಂದು ವರ್ಷ ನಡೆಯಿತು, ಸಿಡ್ನಿಯಲ್ಲಿ ಮುಗಿಯಿತು. ಜುಲೈ 13ರಂದು ಬರ ಪರಿಹಾರಕ್ಕಾಗಿ ನಡೆದ ಲಂಡನ್ನಿನ ಲೈವ್ ಏಡ್ ವೇದಿಕೆಯಲ್ಲಿ ನುಡಿಸಿ, ಪಕ್ಕದಲ್ಲೇ ಇದ್ದ ವೆಂಬ್ಲಿ ಅರೀನಾಗೆ ನಡೆದು ಹೋಗಿ ಅದೇ ರಾತ್ರಿ ತಮ್ಮ ಕಚೇರಿ ಕೊಟ್ಟವರು ಇವರು. ಸ್ಟುಡಿಯೋದಲ್ಲಿ ಅಳೆದು ತೂಗಿ ಮಾಡಿದ ಹಾಡುಗಳು ವೇದಿಕೆಯ ಮೇಲೆ ಹೇಗೆ ಸಡಿಲಾಗಿ ಉದ್ದವಾದವು ಅಂತ ಈ ಕಚೇರಿಯಲ್ಲಿ ಕೇಳಬಹುದು. ಸ್ಯಾಕ್ಸೋಫೋನ್ ನುಡಿಸಿದವರು ಕ್ರಿಸ್ ವೈಟ್. ಇನ್ನೊಂದು ಗಿಟಾರು ಜಾಕ್ ಸಾನಿ ಅವರದು. ಅವರು 2023ರಲ್ಲಿ ತೀರಿಕೊಂಡರು. ಅವರ ಗಿಟಾರು ಇಷ್ಟು ಹೊತ್ತು ಕೇಳಲು ಸಿಗುವುದೇ ನನಗೆ ದೊಡ್ಡದು.

ಆಲ್ಬಮ್ ರೆಕಾರ್ಡ್ ಆದ ಮಾಂಟ್‌ಸೆರಾಟ್ ಸ್ಟುಡಿಯೋ ಕೂಡ ಈಗಿಲ್ಲ. 1989ರ ಸೆಪ್ಟೆಂಬರಿನ ಹ್ಯೂಗೋ ಚಂಡಮಾರುತ ಅದನ್ನು ಹಾಳುಮಾಡಿತು. ಕೆಲವೇ ವರ್ಷಕ್ಕೆ ದ್ವೀಪದ ಜ್ವಾಲಾಮುಖಿ ಬಾಯಿಬಿಟ್ಟಿತು. ಕೊನೆಯ ಹಾಡಿನ ಶುರುವಿನ ಗುಡುಗು ಕೇಳಿದಾಗಲೆಲ್ಲ ನನಗೆ ಆ ದ್ವೀಪ ನೆನಪಾಗುತ್ತದೆ.

ನನ್ನ ಮನೆಯಲ್ಲಿ ಈಗ ಇರುವುದು

ವೆಸ್ಟ್ ಜರ್ಮನಿಯ ಒಂದು ಸಿಡಿ, ಮೂರು ಸಿಡಿಯ ಪೆಟ್ಟಿಗೆ, ಗೀರು ಬಿದ್ದ ಒಂದು ಹಳೆಯ ಎಲ್‌ಪಿ. ಒಂದನ್ನೇ ಇಟ್ಟುಕೋ ಅಂದರೆ ಮೊದಲನೆಯದು. ಹೊಸಬರಿಗೂ ನಾನು ಅದನ್ನೇ ಹೇಳುತ್ತೇನೆ. ಅದು ಸಿಗದಿದ್ದರೆ 1996ರ ರೀಮಾಸ್ಟರ್, ಟರ್ನ್‌ಟೇಬಲ್ ಇದ್ದವರಿಗೆ ಹೊಸ ಡಬಲ್ ಎಲ್‌ಪಿ.

2005ರ ಮಾರ್ಚಿನಲ್ಲಿ ನಾಫ್ಲರ್ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ನುಡಿಸಿದಾಗ ಅಣ್ಣನೂ ನಾನೂ ಒಟ್ಟಿಗೆ ಹೋಗಿದ್ದೆವು. ನಲವತ್ತು ದಾಟಿದವರು ಹುಡುಗರ ಹಾಗೆ ಕೂಗುತ್ತಿದ್ದರು. ಅಣ್ಣ ಮಾತ್ರ ಕೈಕಟ್ಟಿ ಸುಮ್ಮನೆ ನಿಂತಿದ್ದ. ಅವನು ಕೇಳುವುದು ಹಾಗೇ.

ಕಳೆದ ಯುಗಾದಿಗೆ ಅವನು ಮನೆಗೆ ಬಂದಾಗ ಊಟ ಆದ ಮೇಲೆ ಹಳೆಯ ಸಿಡಿ ಹಾಕಿದೆ. ಅವನ ಮನೆಯಲ್ಲಿ ಈಗಲೂ ಇರುವುದು ಆ ಅರವತ್ತು ನಿಮಿಷದ ಕ್ಯಾಸೆಟ್ಟೇ. ‘ವೈ ವರಿ’ ಬಂತು. ಐದು ನಿಮಿಷ ದಾಟಿತು. ಹಾಡು ಮುಗಿಯಿತು ಅಂದುಕೊಂಡು ಅಣ್ಣ ನೀರು ಕುಡಿಯಲು ಎದ್ದ. ಗಿಟಾರು ನಿಲ್ಲಲಿಲ್ಲ. ‘ಏ, ಇದು ಇನ್ನೂ ಇದೆಯಲ್ಲೋ’ ಅಂದ. ‘ಇನ್ನೂ ಮೂರು ನಿಮಿಷ ಇದೆ, ಕೂತ್ಕೊ’ ಅಂದೆ. ಅವನು ಲೋಟ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು ಕೇಳಿದ.